ಕೆಂಪು ಧೂಳಿನ ಊರಲ್ಲಿ ಕಾರಿನ ಬಣ್ಣ: ಒರೆಸುವ ಮೊದಲು ನೆನೆಸಿ

ಪ್ರಶ್ನೆ: ಸರ್, ನನ್ನದು ಬಿಳಿ ಕಾರು, ತಗೊಂಡು ಎರಡು ವರ್ಷ. ಬಳ್ಳಾರಿಯಿಂದ ದಿನಾ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಡ್ಯೂಟಿಗೆ ಹೋಗಿಬರುತ್ತೇನೆ. ಸಂಜೆ ಹೊತ್ತಿಗೆ ಕಾರಿನ ಮೇಲೆ ಕೆಂಪು ಧೂಳು ಕೂತಿರುತ್ತದೆ. ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಣಬಟ್ಟೆಯಿಂದ ಒರೆಸುತ್ತಾರೆ. ಈಗ ಬಿಸಿಲಲ್ಲಿ ನೋಡಿದರೆ ಬಾನೆಟ್ ತುಂಬ ಸಣ್ಣ ಸಣ್ಣ ಗೀರು, ಜೊತೆಗೆ ತೊಳೆದರೂ ಹೋಗದ ಕಂದು ಚುಕ್ಕಿ. ಸ್ಪ್ರೇ ಸೀಲಂಟ್ (ಬಣ್ಣದ ಮೇಲೆ ತೆಳು ಪದರ ಕೂರಿಸುವ ದ್ರಾವಣ) ಹೊಡೆದು, ಆಮೇಲೆ ರಿನ್ಸ್‌ಲೆಸ್ ವಾಶ್ (ಕೊನೆಗೆ ನೀರು ಸುರಿದು ತೊಳೆಯದೆ ಒರೆಸುವುದು) ಮಾಡ್ಕೊಂಡು ಹೋಗು ಅಂತ ಗೆಳೆಯರು ಹೇಳುತ್ತಾರೆ. ಒಂದು ಬಕೆಟ್ ನೀರಲ್ಲಿ ಒರೆಸಿಬಿಟ್ಟರೆ ಗೀರು ಇನ್ನೂ ಹೆಚ್ಚಾಗುವುದಿಲ್ಲವೇ? ಮನೆಯಲ್ಲಿ ಬೋರಿನ ಉಪ್ಪು ನೀರು ಬೇರೆ.
– ಒಬ್ಬ ಓದುಗರು, ಬಳ್ಳಾರಿ

ಉತ್ತರ: ಸೀಲಂಟ್ ವಿಷಯ ಆಮೇಲೆ. ಮೊದಲು ಆ ಒಣಬಟ್ಟೆಯನ್ನು ಇವತ್ತೇ ನಿಲ್ಲಿಸಿ. ವಾಚ್‌ಮನ್‌ಗೆ ಬೈಯಬೇಡಿ, ಅವರು ಅಕ್ಕರೆಯಿಂದಲೇ ಮಾಡುತ್ತಿದ್ದಾರೆ. "ಧೂಳು ಇದ್ರೂ ಇರ್ಲಿ, ಮುಟ್ಟಬ್ಯಾಡ್ರಿ" ಅಂತ ತಿಳಿಸಿ ಹೇಳಿ.

ಆ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರಿನ ಪುಡಿ ಇರುತ್ತದೆ. ನಮ್ಮ ಸಂಡೂರು, ಹೊಸಪೇಟೆ ಕಡೆಯ ಅದಿರು ಹೆಮಟೈಟ್. ಅದರ ಗಡಸುತನ, ಖನಿಜಗಳನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಅಳತೆಯಲ್ಲಿ, 5.5ರಿಂದ 6.5, ಅಂದರೆ ಕಿಟಕಿ ಗಾಜಿಗೆ ಸರಿಸಮ. ರಸ್ತೆ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಪುಡಿ ಇನ್ನೂ ಗಡಸು, 7. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಒಂದು ಬಗೆಯ ಪ್ಲಾಸ್ಟಿಕ್. ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ತಲೆಗೂದಲಿಗಿಂತ ತೆಳು. ಧೂಳು ಒಂದೆರಡು ದಿನ ತನ್ನ ಪಾಡಿಗೆ ಕೂತರೆ ಬಣ್ಣಕ್ಕೆ ಏನೂ ಆಗದು. ಬಟ್ಟೆಯ ಕೆಳಗೆ ಸಿಕ್ಕಿ ಎಳೆದಾಡಿದಾಗಲೇ ಅದು ಕೊರೆಯುವುದು. ನೀವು ಕಂಡ ಜೇಡರಬಲೆಯಂಥ ಗೀರುಗಳು ಎರಡು ವರ್ಷದ ಬೆಳಗಿನ ಒರೆಸಾಟದಿಂದ ಬಂದವು. ಸೀಲಂಟ್ ಅವನ್ನು ಅಳಿಸುವುದಿಲ್ಲ, ಒಂದಿಷ್ಟು ಮರೆಮಾಡುತ್ತದೆ ಅಷ್ಟೇ. ಅಳಿಸಬೇಕೆಂದರೆ ಪಾಲಿಶ್ ಹಿಡಿಸಬೇಕು. ಪಾಲಿಶ್ ಎಂದರೆ ಆ 40–50 ಮೈಕ್ರಾನ್‌ನಲ್ಲೇ ಸ್ವಲ್ಪ ತೇಯುವುದು. ಹಾಗಾಗಿ ಬಿಳಿ ಕಾರಿಗೆ ಅವಸರ ಬೇಡ, ಇದ್ದ ಗೀರು ಇರಲಿ, ಹೊಸದು ಬೀಳದಂತೆ ನೋಡಿಕೊಳ್ಳಿ ಎನ್ನುತ್ತೇನೆ.

ಕಂದು ಚುಕ್ಕಿಯ ಕಥೆ ಬೇರೆ. ಅದಿರು ಆಗಲೇ ಆಕ್ಸೈಡ್, ಅಂದರೆ ಆಮ್ಲಜನಕದೊಂದಿಗೆ ಕೂಡಿದ ಕಬ್ಬಿಣ, ಅದು ಮತ್ತೆ ತುಕ್ಕು ಹಿಡಿಯುವುದಿಲ್ಲ. ಕೆಂಪು ಕಲೆ ಮಾಡುತ್ತದೆ, ತೊಳೆದರೆ ಬಹುಪಾಲು ಹೋಗುತ್ತದೆ. ತೊಳೆದರೂ ಹೋಗದ ಚುಕ್ಕಿ ಲೋಹರೂಪದ ಕಬ್ಬಿಣದ್ದು: ಬ್ರೇಕ್ ಪ್ಯಾಡಿನ ಪುಡಿ, ಗ್ರೈಂಡಿಂಗ್ ಕಿಡಿ, ರೈಲು ಹಳಿಯ ಸವೆತ, ಉಕ್ಕು ಮಾಡಲು ಬಳಸುವ ಸ್ಪಾಂಜ್ ಐರನ್ನಿನ ಕಣ. ಇವು ಕ್ಲಿಯರ್ ಕೋಟಿನೊಳಗೆ ನಾಟಿಕೊಂಡು, ಇಬ್ಬನಿ, ಮಳೆಯ ತೇವಕ್ಕೆ ಅಲ್ಲೇ ತುಕ್ಕಾಗುತ್ತವೆ. ಒಂದು ಪರೀಕ್ಷೆ ಮಾಡಿ. ಕಾರು ತೊಳೆದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಬೆರಳು ಹಗುರವಾಗಿ ಆಡಿಸಿ. ಬರಿಗೈಗೆ ನುಣ್ಣಗಿದ್ದದ್ದು ಕವರ್ ಒಳಗಿನ ಬೆರಳಿಗೆ ಉಪ್ಪುಕಾಗದದ ಹಾಗೆ ಜರಜರ ಅನ್ನುತ್ತದೆ.

ಅದಕ್ಕೆ ಐರನ್ ರಿಮೂವರ್ ಎಂಬ ದ್ರಾವಣ ಬರುತ್ತದೆ. ನೆರಳಲ್ಲಿ, ಬಾಡಿ ತಣ್ಣಗಿರುವಾಗ ಸಿಂಪಡಿಸಿ ಮೂರ್ನಾಲ್ಕು ನಿಮಿಷ ಬಿಡಿ. ಕಬ್ಬಿಣ ಇದ್ದಲ್ಲೆಲ್ಲ ನೇರಳೆಹಣ್ಣಿನ ರಸದಂತೆ ಸೋರುವುದನ್ನು ಕಣ್ಣಾರೆ ಕಾಣುತ್ತೀರಿ. ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ, ಗ್ಲೌಸ್ ಹಾಕಿಕೊಳ್ಳಿ, ಒಣಗಲು ಬಿಡಬೇಡಿ. ಆವತ್ತು ಮಾತ್ರ ಪೈಪು ಹಿಡಿದು ಧಾರಾಳ ನೀರಲ್ಲಿ ತೊಳೆಯಲೇಬೇಕು. ನಿಮ್ಮಂತೆ ಕಾರ್ಖಾನೆ ಕಡೆ ಓಡಾಡುವವರಿಗೆ ವರ್ಷಕ್ಕೆ ಎರಡು ಸಲ ಈ ಕೆಲಸ ಸಾಕು. ಇದಾಗದೆ ಸೀಲಂಟ್ ಹೊಡೆದರೆ ಚುಕ್ಕಿಯ ಮೇಲೇ ಪದರ ಕೂರುತ್ತದೆ, ದುಡ್ಡು ದಂಡ.

ಈಗ ರಿನ್ಸ್‌ಲೆಸ್ ವಾಶ್. ಇದಕ್ಕೆ ನೀರಿಗೆ ಬೆರೆಸುವ ದ್ರಾವಣ ಶಾಂಪೂ ಅಲ್ಲ, ನೊರೆಯೂ ಹೆಚ್ಚು ಬರದು. ಇದರಲ್ಲಿರುವ ಪಾಲಿಮರ್ ಕೊಳೆಯ ಕಣವನ್ನು ಸುತ್ತುವರಿದು, ಕಣಕ್ಕೂ ಬಣ್ಣಕ್ಕೂ ನಡುವೆ ಜಾರಿಕೆ ಕೊಡುತ್ತದೆ. ಆಪ್ಟಿಮಮ್ ನೋ ರಿನ್ಸ್‌ನಂಥದ್ದನ್ನು 1:256ರಲ್ಲಿ ಬೆರೆಸುತ್ತಾರೆ, ಅಂದರೆ 10 ಲೀಟರ್ ಬಕೆಟ್ಟಿಗೆ ಸುಮಾರು 40 ಎಂ.ಎಲ್. ಬೇರೆ ಬ್ರ್ಯಾಂಡಾದರೆ ಡಬ್ಬಿಯ ಮೇಲಿನ ಅಳತೆಯನ್ನೇ ನಂಬಿ. ಹೆಚ್ಚು ಸುರಿದರೆ ಹೆಚ್ಚು ಸ್ವಚ್ಛ ಆಗದು, ಅಂಟಂಟು ಗೆರೆ ಉಳಿಯುತ್ತದೆ.

ಗೀರು ಬೀಳುವ ನಿಮ್ಮ ಭಯ ನಿಜ, ಆದರೆ ನೆನೆಸದೆ ಒರೆಸಿದರೆ ಮಾತ್ರ. ಹೂಕುಂಡಕ್ಕೆ ನೀರು ಹೊಡೆಯುವ 2 ಲೀಟರಿನ ಕೈಪಂಪು ತಗೊಳ್ಳಿ (ಹೊಲಕ್ಕೆ ಔಷಧಿ ಹೊಡೆದ ಪಂಪನ್ನು ಖಂಡಿತ ಬಳಸಬೇಡಿ). ಬಕೆಟ್ಟಿನ ಅದೇ ಮಿಶ್ರಣವನ್ನು ಅದಕ್ಕೆ ತುಂಬಿ, ಮೇಲಿಂದ ಕೆಳಕ್ಕೆ ಧೂಳು ತೊಯ್ದು ಇಳಿಯುವಷ್ಟು ಹೊಡೆದು, ಒಂದೆರಡು ನಿಮಿಷ ಬಿಡಿ. ಕೆಂಪು ನೀರು ಓಕುಳಿಯಂತೆ ಬಾಗಿಲ ಮೇಲೆ ಗೆರೆಗೆರೆಯಾಗಿ ಇಳಿಯುತ್ತದಲ್ಲ, ಆ ಇಳಿದ ಅಷ್ಟೂ ಧೂಳು ನಿಮ್ಮ ಬಟ್ಟೆಗೆ ಸಿಗದೆ ತಪ್ಪಿಸಿಕೊಂಡ ಹಾಗೆ. ಆಮೇಲೆ ಮೈಕ್ರೋಫೈಬರ್ ಬಟ್ಟೆ. ಒಂದೇ ಬಟ್ಟೆಯನ್ನು ಹಿಂಡಿ ಹಿಂಡಿ ಬಳಸಬೇಡಿ. ಏಳೆಂಟು ಬಟ್ಟೆ ಬಕೆಟ್ಟಿನಲ್ಲಿ ನೆನೆಹಾಕಿ, ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ, ಒಂದು ಮಗ್ಗುಲು ಒಂದೇ ಎಳೆತಕ್ಕೆ, ಮುಂದಿನ ಎಳೆತಕ್ಕೆ ಹೊಸ ಮಗ್ಗುಲು. ಒತ್ತಬೇಡಿ, ಬಟ್ಟೆಯ ಭಾರವೇ ಸಾಕು. ಮಗ್ಗುಲೆಲ್ಲ ಕೆಂಪಾದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗಕೂಡದು, ಪಕ್ಕಕ್ಕಿಡಿ. ಟಾಪು, ಗಾಜು, ಬಾನೆಟ್, ಬಾಗಿಲು, ಕೊನೆಗೆ ಬಂಪರಿನ ಕೆಳಭಾಗ. ಒಂದು ಭಾಗ ಮುಗಿಯುತ್ತಿದ್ದಂತೆ ಬೇರೆ ಒಣ ಮೈಕ್ರೋಫೈಬರ್‌ನಿಂದ ನೀರು ಹೀರಿಸಿ.

ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿ ಗಟ್ಟಿಯಾಗಿದ್ದರೆ ಈ ವಿಧಾನ ಬೇಡವೇ ಬೇಡ. ವಾಟರ್ ಸರ್ವಿಸ್‌ಗೆ ಹೋಗಿ ಬರೀ ನೀರು ಹೊಡೆಸಿ, ಕೆಸರು ಇಳಿದ ಮೇಲೆ ಮನೆಯಲ್ಲಿ ಉಳಿದದ್ದು ಮಾಡಿಕೊಳ್ಳಿ. ಅಲ್ಲಿನ ಬಟ್ಟೆಯಿಂದ ಒರೆಸಿಕೊಳ್ಳಬೇಡಿ.

ಉಪ್ಪು ನೀರಿನ ಮಾತಿಗೆ ಬರುತ್ತೇನೆ. ಪೈಪು ಹಿಡಿದು ತೊಳೆಯಲು ನೂರಾರು ಲೀಟರ್ ಬೇಕು, ಅಷ್ಟು ಒಳ್ಳೆಯ ನೀರನ್ನು ಬೇಸಿಗೆಯಲ್ಲಿ ಎಲ್ಲಿಂದ ತರುವುದು? ರಿನ್ಸ್‌ಲೆಸ್‌ಗೆ ಬಕೆಟ್ಟು, ಪಂಪು ಸೇರಿ 12 ಲೀಟರ್ ಆದರೆ ಆಯಿತು. ಕುಡಿಯುವ ನೀರಿನ 20 ಲೀಟರಿನ ಒಂದು ಕ್ಯಾನಿನಲ್ಲಿ ಕಾರು ತೊಳೆದು ಮಿಗುತ್ತದೆ. ನನ್ನ ಮಟ್ಟಿಗೆ ನಮ್ಮ ಕಡೆಗೆ ರಿನ್ಸ್‌ಲೆಸ್ ಒಪ್ಪುವುದಕ್ಕೆ ಇದೇ ದೊಡ್ಡ ಕಾರಣ. ಆದರೆ ಆರ್‌ಒ ಯಂತ್ರದ ವೇಸ್ಟ್ ನೀರನ್ನು ಕಾರಿಗೆ ಬಳಸಬೇಡಿ, ಅದರಲ್ಲಿ ಬೋರಿನ ನೀರಿಗಿಂತಲೂ ಉಪ್ಪು ಜಾಸ್ತಿ.

ಕೊನೆಗೆ ಸ್ಪ್ರೇ ಸೀಲಂಟ್. ಅದು ಕವಚ ಅಲ್ಲ. ಕಲ್ಲು ಸಿಡಿದರೆ ತಡೆಯದು, ಒಣಬಟ್ಟೆಯ ಗೀರನ್ನೂ ತಡೆಯದು. ಅದರ ಉಪಕಾರ ಏನೆಂದರೆ ಬಣ್ಣದ ಮೈ ಜಾರಾಗುತ್ತದೆ, ಧೂಳು ಅಷ್ಟಾಗಿ ಕಚ್ಚಿಕೊಳ್ಳುವುದಿಲ್ಲ, ಹಾಗಾಗಿ ನೆನೆಸಿದಾಗ ಒಂದಿಷ್ಟು ತಾನಾಗಿ ಇಳಿದುಹೋಗುತ್ತದೆ. ಡಬ್ಬಿಯ ಮೇಲೆ ಆರು ತಿಂಗಳೆಂದು ಬರೆದಿದ್ದರೂ 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಎರಡು, ಹೆಚ್ಚೆಂದರೆ ಮೂರು ತಿಂಗಳು ಎಂದೇ ಲೆಕ್ಕ ಇಟ್ಟುಕೊಳ್ಳಿ. ಒಂದು ಮೇ ತಿಂಗಳು, ಮಧ್ಯಾಹ್ನ ಮೂರಕ್ಕೆ ನನ್ನ ಕಪ್ಪು ಕಾರಿಗೆ ಹೊಡೆದಿದ್ದೆ. ಬಟ್ಟೆ ತಾಗುವ ಮೊದಲೇ ಆವಿಯಾಗಿ, ಬಾನೆಟ್ ತುಂಬ ಎಣ್ಣೆ ಸವರಿದಂಥ ಪಟ್ಟಿ. ಅವನ್ನು ಬಿಡಿಸಲು ಪಾಲಿಶ್ ಹಿಡಿಯಬೇಕಾಯಿತು. ಬೆಳಿಗ್ಗೆ ಏಳರೊಳಗೆ, ಬಾನೆಟ್ ಕೈಗೆ ತಣ್ಣಗೆ ತಾಗುವಾಗ ಹೊಡೆಯಿರಿ. ಒಂದು ಬಾಗಿಲಿಗೆ ಎರಡು ಸಲ ಪುಸ್ ಎಂದರೆ ಸಾಕು, ಬಟ್ಟೆಯ ಮೇಲೆ ಹೊಡೆದರೆ ಇನ್ನೂ ಒಳ್ಳೆಯದು. ಹರಡಿ, ಕೂಡಲೇ ಎರಡನೆಯ ಒಣಬಟ್ಟೆಯಿಂದ ತಿಕ್ಕಿ. ಆ ದಿನವೆಲ್ಲ ನೀರು ತಾಗದಂತೆ ನೋಡಿಕೊಳ್ಳಿ.

ಸೀಲಂಟ್ ಮೇಲೆ ನೀರು ಮುತ್ತುಮುತ್ತಾಗಿ ನಿಲ್ಲುವುದನ್ನು ಕಂಡು ಖುಷಿಯಾಗಿ ಹಾಗೇ ಬಿಟ್ಟು ಹೋಗಬೇಡಿ. ಉಪ್ಪು ನೀರಾದರೆ ಒಂದೊಂದು ಮುತ್ತೂ ಒಣಗಿ ಬಿಳಿ ಉಂಗುರ ಬಿಡುತ್ತದೆ. ಹೊಸ ಉಂಗುರವಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿದರೆ ಬಿಡುತ್ತದೆ. ಒರೆಸಿದ ಜಾಗವನ್ನು ಒಳ್ಳೆಯ ನೀರಲ್ಲಿ ತೊಳೆದು, ಅಲ್ಲಿಗೆ ಮತ್ತೆ ಸೀಲಂಟ್ ಹಚ್ಚಿ.

ಪ್ರಶ್ನೆ: ನಮ್ಮ ಮನೆ ಹತ್ತಿರ ರೈಸ್ ಮಿಲ್ ಇದೆ, ಕಾರಿನ ಮೇಲೆ ಕರಿ ಬೂದಿ ಬೀಳುತ್ತದೆ. ರಿನ್ಸ್‌ಲೆಸ್ ನಡೆಯುತ್ತದೆಯೇ?
– ಒಬ್ಬ ಓದುಗರು, ರಾಯಚೂರು

ಉತ್ತರ: ಹೊಟ್ಟಿನ ಬೂದಿ ಮುಟ್ಟಿದರೆ ಮೆತ್ತಗೆ, ಆದರೆ ಅದರಲ್ಲಿ ಬಹುಪಾಲು ಸಿಲಿಕಾ, ಗಾಜಿನ ಜಾತಿಯದ್ದು. ಒಣ ಬೂದಿ ಹಗುರ, ಗಾಳಿಗೆ ಹಾರುತ್ತದೆ. ಬ್ಲೋವರ್ ಇದ್ದರೆ ಮೊದಲು ಊದಿ, ಆಮೇಲೆ ಮೇಲೆ ಹೇಳಿದಂತೆ ನೆನೆಸಿ ಒರೆಸಿ. ಕೋಳಿಪುಕ್ಕದ ಡಸ್ಟರ್ ಹಾಕಲೇಬೇಡಿ. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಕಡೆಯ ಹಾರುಬೂದಿಗೂ ಇದೇ ಕ್ರಮ.

ಪ್ರಶ್ನೆ: ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಬಹುಕಾಲ ಉಳಿಯುವ ಗಟ್ಟಿ ಪದರ) ಮಾಡಿಸಿದರೆ ಈ ಸ್ಪ್ರೇ ರಗಳೆ ತಪ್ಪುತ್ತದಾ?
– ಒಬ್ಬ ಓದುಗರು, ಗಂಗಾವತಿ

ಉತ್ತರ: ಸ್ಪ್ರೇ ತಪ್ಪಬಹುದು, ತೊಳೆಯುವುದು ತಪ್ಪದು. ಒಣಬಟ್ಟೆ ಎಳೆದರೆ ಸೆರಾಮಿಕ್ ಮೇಲೂ ಗೀರು ಬೀಳುತ್ತದೆ, ಉಪ್ಪು ನೀರಿನ ಉಂಗುರವೂ ಕೂರುತ್ತದೆ. ಮೊದಲು ಮೂರು ತಿಂಗಳು ಬಕೆಟ್ಟು, ಪಂಪು, ಎಂಟು ಬಟ್ಟೆ ಇಟ್ಟುಕೊಂಡು ನೀವೇ ತೊಳೆದು ನೋಡಿ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೊಡುವುದು ನಿಮ್ಮಿಂದ ಆಗುತ್ತದೆ ಅನ್ನಿಸಿದರೆ ಆಗ ಸೆರಾಮಿಕ್‌ಗೆ ದುಡ್ಡು ಹಾಕಿ.