ಕಾರ್ಬನ್ ನ್ಯಾನೊಟ್ಯೂಬ್ ಫಿಲ್ಟರ್ ಬಂದ್ರೆ ಮನೆ ಆರ್‌ಓ ಬೇಡ್ವಾ?

ಸದ್ಯಕ್ಕಂತೂ ಆರ್‌ಓ, ಅಂದ್ರೆ ಒತ್ತಡ ಹಾಕಿ ಪೊರೆ ಮೂಲಕ ನೀರು ಸೋಸೋ ಫಿಲ್ಟರ್, ಬಿಸಾಕ್ಬೇಡಿ. ನಮ್ಮ ಮಂಡ್ಯ ಕಡೆ ಬೋರ್‌ವೆಲ್ ನೀರು ಕಾಯ್ಸಿದ ಪಾತ್ರೆ ತಳದಲ್ಲಿ ಸುಣ್ಣದ ಥರ ಬೆಳ್ಳಗೆ ಕೂತ್ಕೊಳ್ಳುತ್ತಲ್ಲ, ಉಗುರಲ್ಲಿ ಕೆರೆದ್ರೂ ಬರಲ್ಲ, ಅದು ನೀರಲ್ಲಿ ಕರಗಿದ್ದ ಲವಣ, ಬಟ್ಟೇಲಿ ಸೋಸಿದ್ರೆ ಹೋಗೋದಲ್ಲ, ಅದನ್ನ ತಡೆಯೋಕೆ ತೂತು ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ಲೆಕ್ಕದಲ್ಲಿ ಇರ್ಬೇಕು.

ನ್ಯಾನೊಟ್ಯೂಬ್ ಅಂದ್ರೆ ಕಾರ್ಬನ್ ಪರಮಾಣುಗಳ ಹಾಳೆನ ಚಾಪೆ ಸುತ್ತಿದಂಗೆ ಸುತ್ತಿರೋ ಕೊಳವೆ. ಮಜಾ ಏನಂದ್ರೆ ಒಳಗೋಡೆಗೆ ನೀರು ಅಂಟಲ್ಲ, ಕೆಸುವಿನೆಲೆ ಮೇಲೆ ಹನಿ ಉರುಳುತ್ತಲ್ಲ ಹಂಗೆ, ಜೊತೆಗೆ ವಿಪರೀತ ನುಣುಪು, ಅದಕ್ಕೇ ನೀರಿನ ಅಣುಗಳು ಸಲೀಸಾಗಿ ಜಾರ್ಕೊಂಡು ಹೋಗ್ತವೆ. 2006ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಲ್ಯಾಬಿನವರು 2 ನ್ಯಾನೊಮೀಟರಿಗಿಂತ ಸಣ್ಣ ಕೊಳವೆಗಳಲ್ಲಿ ಅಳೆದ್ರೆ ಮಾಮೂಲಿ ಲೆಕ್ಕಕ್ಕಿಂತ ಸಾವಿರ ಪಟ್ಟಿಗೂ ಜಾಸ್ತಿ ಹರಿವು ಬಂತು! ಆಗಿನಿಂದ್ಲೇ ಇದು ಆರ್‌ಓ ಜಾಗಕ್ಕೆ ಬರುತ್ತೆ ಅನ್ನೋ ಗುಲ್ಲು ಜೋರಾಗಿದ್ದು.

ಆದ್ರೆ ಬೇಗ ಹರಿಯೋದು ಬೇರೆ, ಉಪ್ಪು ತಡೆಯೋದು ಬೇರೆ ಕಣ್ರೀ. ನೀರಿನ ಅಣು ಸುಮಾರು 0.28 ನ್ಯಾನೊಮೀಟರ್, ಉಪ್ಪಲ್ಲಿರೋ ಸೋಡಿಯಂ ಅಯಾನು (ವಿದ್ಯುದಾವೇಶ ಇರೋ ಕಣ) ಮೈಸುತ್ತ ನೀರು ಹೊದ್ಕೊಂಡು 0.7ರಷ್ಟು ಆಗುತ್ತೆ, ಅಂದ್ರೆ ಕೊಳವೆಯ ತೂತು 1 ನ್ಯಾನೊಮೀಟರಿಗಿಂತ ಕಮ್ಮಿ ಇರ್ಬೇಕು. ಅಂಥವು ಕೋಟಿಗಟ್ಲೆ, ಎಲ್ಲಾ ಒಂದೇ ಸೈಜು, ಗದ್ದೇಲಿ ಪೈರು ನಾಟಿ ಹಾಕಿದಂಗೆ ನೆಟ್ಟಗೆ ನಿಲ್ಲಿಸಿ ಮಧ್ಯದ ಸಂದು ಮುಚ್ಬೇಕು, ಒಂದು ಕಡೆ ಸೀಳಿದ್ರೂ ಉಪ್ಪು ಅಲ್ಲೇ ನುಗ್ಗುತ್ತೆ. ಎಲ್ಲರೂ ಒದ್ದಾಡ್ತಿರೋದು ಇಲ್ಲೇ.

ಈ ಫಿಲ್ಟರಿಗೆ ಕರೆಂಟ್ ಬೇಡ್ವೇ ಬೇಡ ಅನ್ನೋದನ್ನೂ ನಂಬ್ಬೇಡಿ. ಪೊರೆ ಎಷ್ಟೇ ಚೆನ್ನಾಗಿದ್ರೂ ಆಸ್ಮಾಟಿಕ್ ಒತ್ತಡ (ಉಪ್ಪುನೀರು ಸಿಹಿನೀರನ್ನ ತನ್ನ ಕಡೆ ಎಳ್ಕೊಳ್ಳೋ ಒತ್ತಡ) ಮೀರಿಸಿ ನೀರು ತಳ್ಳಲೇಬೇಕು, ಸಮುದ್ರದ ನೀರಿಗೆ ಅದೇ ಸುಮಾರು 27 ಬಾರ್ (1 ಬಾರ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಸುತ್ತಲ ಗಾಳಿಯ ಒತ್ತಡ), ನಮ್ಮ ಬೋರ್ ನೀರಿಗೆ ತುಂಬಾ ಕಮ್ಮಿ ಸಾಕು.