ಟೆಕ್ಸ್ಟ್‌ವ್ಯೂನಲ್ಲಿ ಬೋಲ್ಡ್, ಇಟಾಲಿಕ್ ಎರಡೂ ಒಟ್ಟಿಗೆ ಬರಬೇಕಾದರೆ ಏನು ಮಾಡಬೇಕು?

ಟೆಕ್ಸ್ಟ್‌ವ್ಯೂ ಅಂದರೆ ಆಂಡ್ರಾಯ್ಡ್ ಪರದೆಯಲ್ಲಿ ಪಠ್ಯ ತೋರಿಸುವ ಭಾಗ. ಅದರಲ್ಲಿ ಎರಡೂ ಸ್ಟೈಲ್ ಹಾಕಲು ಹೋಗಿ ಬಿಲ್ಡ್ (ಕೋಡ್‌ನಿಂದ ಆಪ್ ತಯಾರಾಗುವ ಹಂತ) ನಿಂತಿದೆ ಅಂತ ನೀವು ಕೇಳಿದ್ದೀರಿ. ನಾನೂ ಕೋಲಾರದವನೇ. ನಮ್ಮ ಎಪಿಎಂಸಿಯ ಟೊಮೆಟೊ ದರ ತೋರಿಸೋಕೆ ನೀವು ಆಂಡ್ರಾಯ್ಡ್ ಆಪ್ ಮಾಡುತ್ತಿದ್ದೀರಿ ಅಂತ ಓದಿ ತುಂಬಾ ಖುಷಿಯಾಯಿತು.

ನೀವು ಅಕ್ಷರದ ಸ್ಟೈಲ್ ಹೇಳುವ ಟೆಕ್ಸ್ಟ್‌ಸ್ಟೈಲ್ ಆಟ್ರಿಬ್ಯೂಟನ್ನು ಎರಡು ಸಲ ಬರೆದಿದ್ದೀರಿ, ಒಂದು ಬೋಲ್ಡ್‌ಗೆ, ಇನ್ನೊಂದು ಇಟಾಲಿಕ್‌ಗೆ. ಪರದೆಯ ವಿನ್ಯಾಸ ಬರೆಯುವ ಎಕ್ಸ್‌ಎಂಎಲ್‌ನಲ್ಲಿ ಒಂದು ಟ್ಯಾಗ್‌ಗೆ ಒಂದೇ ಆಟ್ರಿಬ್ಯೂಟ್ ಎರಡು ಸಲ ಬರುವ ಹಾಗಿಲ್ಲ. ಬಿಲ್ಡ್ ನಿಂತಿರೋದು ಅದಕ್ಕೇ. ಒಂದೇ ಸಲ ಬರೆಯಿರಿ. ಕೋಟ್‌ಗಳ ಒಳಗೆ ಎರಡೂ ಹೆಸರು ಇಟ್ಟು, ನಡುವೆ | ಈ ನೆಟ್ಟನೆ ಗೀಟು ಹಾಕಿ. ಅಷ್ಟೇ.

ಯಾಕೆ ಅಂದರೆ, ಆಂಡ್ರಾಯ್ಡ್ ಲೆಕ್ಕದಲ್ಲಿ ಬೋಲ್ಡ್ 1, ಇಟಾಲಿಕ್ 2. ಆ ಗೀಟು ಎರಡೂ ಬಿಟ್‌ಗಳನ್ನು ಸೇರಿಸಿ 3 ಮಾಡುತ್ತದೆ. ಕೋಡ್‌ನಲ್ಲಿ ಸ್ಟೈಲ್ ಬದಲಿಸುವ ಸೆಟ್‌ಟೈಪ್‌ಫೇಸ್ ಫಂಕ್ಷನ್ ಅನ್ನು ಎರಡು ಸಲ ಕರೆದರೆ ಹೀಗೆ ಸೇರುವುದಿಲ್ಲ, ಕೊನೆಯದೇ ಉಳಿಯುತ್ತದೆ. ಅಲ್ಲಿ ಬೋಲ್ಡ್‌ಇಟಾಲಿಕ್ ಅಂತ ಒಂದೇ ವ್ಯಾಲ್ಯೂ ಕೊಡಿ.

ನಿನ್ನೆಯ ದರದ ಮೇಲೆ, ಹೊಡೆದು ಹಾಕಿದ ಹಾಗೆ, ಅಡ್ಡ ಗೀಟು ಎಳೆಯೋದು ಹೇಗೆ ಅಂತಲೂ ಕೇಳಿದ್ದೀರಿ. ಅದು ಟೆಕ್ಸ್ಟ್‌ಸ್ಟೈಲ್‌ನಲ್ಲಿ ಇಲ್ಲ. ಅಕ್ಷರ ಬಿಡಿಸುವ ರೀತಿ ಹೇಳುವ ಪೇಂಟ್‌ಫ್ಲ್ಯಾಗ್ಸ್‌ನಲ್ಲಿ ಸ್ಟ್ರೈಕ್‌ಥ್ರೂ (ಅಡ್ಡ ಗೀಟು) ಸೇರಿಸಬೇಕು. ಈಗಾಗಲೇ ಇರುವ ಫ್ಲ್ಯಾಗ್‌ಗಳ ಜೊತೆ 'ಆರ್' ಮಾಡಿ ಸೇರಿಸಿ, ಸುಮ್ನೆ ಹೊಸದನ್ನು ಇಟ್ಟರೆ ಹಳೆಯವು ಹೋಗುತ್ತವೆ. ಪಟ್ಟಿ ರೀಸೈಕ್ಲರ್‌ವ್ಯೂನಲ್ಲಿದ್ದರೆ (ಸ್ಕ್ರಾಲ್ ಮಾಡಿದಾಗ ಹಳೆಯ ಸಾಲುಗಳನ್ನೇ ಮತ್ತೆ ಬಳಸುವ ಪಟ್ಟಿ), ಗೀಟು ಬೇಡದ ಸಾಲಿನಲ್ಲಿ ಆ ಫ್ಲ್ಯಾಗ್ ತೆಗೆಯಲೇಬೇಕು. ಇಲ್ಲದಿದ್ದರೆ ಸ್ಕ್ರಾಲ್ ಮಾಡಿದಾಗ ಇವತ್ತಿನ ದರಕ್ಕೂ ಗೀಟು ಬಿದ್ದಿರುತ್ತದೆ.

ಸಾಲಿನ ಒಂದು ಭಾಗಕ್ಕೆ ಮಾತ್ರ ಸ್ಟೈಲ್ ಬೇಕಾದರೆ ಸ್ಪ್ಯಾನಬಲ್‌ಸ್ಟ್ರಿಂಗ್ ಬಳಸಿ. ಅದರಲ್ಲಿ ಪಠ್ಯದ ಬೇಕಾದ ಭಾಗಕ್ಕೆ ಮಾತ್ರ ಸ್ಪ್ಯಾನ್ ಅನ್ನುವ ಸ್ಟೈಲ್ ಗುರುತು ಹಾಕಬಹುದು. ಒಂದೇ ಜಾಗಕ್ಕೆ ಬೋಲ್ಡ್ ಸ್ಟೈಲ್‌ಸ್ಪ್ಯಾನ್, ಇಟಾಲಿಕ್ ಸ್ಟೈಲ್‌ಸ್ಪ್ಯಾನ್ ಎರಡು ಹಾಕಿದರೂ ಅವು ತಾವೇ ಸೇರಿಕೊಳ್ಳುತ್ತವೆ. ಆದರೆ ಆ ಜಾಗ ಎಲ್ಲಿ ಶುರು, ಎಲ್ಲಿ ಕೊನೆ ಅನ್ನೋದನ್ನು ಕಣ್ಣಳತೆಯಲ್ಲಿ ಎಣಿಸಬೇಡಿ. 'ಟೊಮೆಟೊ' ನಮಗೆ 3 ಅಕ್ಷರ, ಸ್ಟ್ರಿಂಗ್‌ಗೆ (ಕೋಡ್‌ನಲ್ಲಿರುವ ಪಠ್ಯಕ್ಕೆ) 6, ಯಾಕಂದರೆ ಸ್ವರಚಿಹ್ನೆಗಳೂ ಲೆಕ್ಕಕ್ಕೆ ಬರುತ್ತವೆ. ಸ್ಟ್ರಿಂಗ್‌ನ ಉದ್ದ ಹೇಳುವ ಲೆಂತ್‌ನಿಂದಲೇ ತೆಗೆದುಕೊಳ್ಳಿ.

ಇಷ್ಟು ಹೇಳಿದ ಮೇಲೂ ಕನ್ನಡಕ್ಕೆ ಇಟಾಲಿಕ್ ಬೇಡ ಅಂತಲೇ ನನ್ನ ಅಭಿಪ್ರಾಯ. ನೋಟೋ ಸಾನ್ಸ್ ಕನ್ನಡ ಫಾಂಟ್‌ನಲ್ಲಿ ಇಟಾಲಿಕ್ ಅಕ್ಷರಗಳೇ ಇಲ್ಲ. ಆಂಡ್ರಾಯ್ಡ್ ನೇರ ಅಕ್ಷರವನ್ನೇ ಓರೆಯಾಗಿ ವಾಲಿಸುತ್ತದೆ. ಚಿಕ್ಕ ಸೈಜಿನಲ್ಲಿ ಒತ್ತಕ್ಷರ ಗುರುತಿಸೋದೇ ಕಷ್ಟ. ನಿಮ್ಮ ಆಪ್ ಓದುವವರು ಮಂಡಿಯಲ್ಲಿ ಬಿಸಿಲಿಗೆ ನಿಂತು, 15 ಕೆಜಿ ಬಾಕ್ಸ್‌ಗೆ ಇವತ್ತು ಎಷ್ಟು ಅಂತ ನೋಡುವ ರೈತರು ಅಲ್ವಾ? ದರಕ್ಕೆ ಬೋಲ್ಡ್ ಇರಲಿ, ಜೊತೆಗೆ ಗಾಢ ಬಣ್ಣ, ಸ್ವಲ್ಪ ಜಾಸ್ತಿ ಸೈಜು. ಬಣ್ಣಕ್ಕೆ ಫೋರ್‌ಗ್ರೌಂಡ್‌ಕಲರ್‌ಸ್ಪ್ಯಾನ್, ಸೈಜಿಗೆ ರಿಲೇಟಿವ್‌ಸೈಜ್‌ಸ್ಪ್ಯಾನ್. ಮೂರನ್ನೂ ಅದೇ ಜಾಗಕ್ಕೆ ಹಾಕಬಹುದು.