ಉತ್ತರ ಬರಲಿಲ್ಲ ಅಂದರೆ ದಡ್ಡ ಅಂತಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 24 ವರ್ಷ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿ ಐದು ತಿಂಗಳಾಗಿತ್ತು. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದು ಕೂತವರೇ, "ಮೇಡಂ, ನನ್ನ ತಲೆಗೆ ಇದು ಹತ್ತಲ್ಲ" ಎಂದರು. ಆನ್‌ಲೈನ್‌ನಲ್ಲಿ ಮೂರು ಸಲ ಸಹಾಯ ಕೇಳಿದ್ದರಂತೆ. ಎರಡು ಸಲ ಯಾರೂ ಉತ್ತರಿಸಲಿಲ್ಲ. ಮೂರನೇ ಸಲ ಒಬ್ಬರು, "ಮೊದಲು ಕೇಳೋದು ಕಲಿ" ಅಂದುಬಿಟ್ಟರು. ಆಮೇಲೆ ಎರಡು ವಾರ ಲ್ಯಾಪ್‌ಟಾಪ್ ಮುಟ್ಟಿರಲಿಲ್ಲ.

ಆ ಮಾತು ಒರಟು, ನೋವಾಗುವುದು ಸಹಜ ಎಂದೆ. ಆಮೇಲೆ ಕೇಳಿದ ಪ್ರಶ್ನೆಯನ್ನು ತೋರಿಸಿ ಎಂದೆ. "ನನ್ನ ಕೋಡ್‌ನಲ್ಲಿ ಏನೇನೋ ಅಕ್ಷರ ಬರುತ್ತಿವೆ. ತೆಗೆಯೋದು ಹೇಗೆ? ಅರ್ಜೆಂಟ್." ಜೊತೆಗೆ ಸ್ಕ್ರೀನಿನ ಮಸುಕು ಫೋಟೋ.

ಈ ಕೆಲಸಕ್ಕೆ ಬರುವ ಮುಂಚೆ ನಾನು ಕೆಲವು ವರ್ಷ ಪ್ರೋಗ್ರಾಮಿಂಗ್ ಮಾಡಿದವಳು. "ಅವನ್ನು ತೆಗೆದರೆ ನಿಮಗೆ ಬೇಕಾದ ಅಕ್ಷರ ಉಳಿಯುತ್ತಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. "ಇಲ್ಲ, ಫೈಲ್‌ನಲ್ಲಿದ್ದ ಅಕ್ಷರವೇ ಹಾಗಾಗಿದೆ." ಗಂಟು ಇದ್ದದ್ದು ಅಲ್ಲೇ. ಅವರಿಗೆ ಫೈಲನ್ನು ಸರಿಯಾಗಿ ಓದಬೇಕಿತ್ತು. ಕೇಳಿದ್ದು ಮಾತ್ರ ತಾವೇ ಊಹಿಸಿಕೊಂಡ ಪರಿಹಾರದ ಬಗ್ಗೆ. ಇದು ಎಷ್ಟು ಜಾಸ್ತಿ ಆಗುತ್ತದೆ ಅಂದರೆ, ಪ್ರೋಗ್ರಾಮರ್‌ಗಳು ಇದಕ್ಕೆ 'ಎಕ್ಸ್‌ವೈ ಪ್ರಾಬ್ಲಂ' ಅಂತ ಹೆಸರೇ ಇಟ್ಟಿದ್ದಾರೆ: ಬೇಕಿದ್ದದ್ದು ಎಕ್ಸ್, ಕೇಳಿದ್ದು ವೈ.

ವಿಂಡೋಸ್, ಪೈಥಾನ್ 3.11, ಫೈಲ್ ತೆರೆದ ಸಾಲು, ಯಾವುದೂ ಪ್ರಶ್ನೆಯಲ್ಲಿ ಇರಲಿಲ್ಲ. "ಓದುವವರಿಗೆ ನಿಮ್ಮ ಸ್ಕ್ರೀನ್ ಕಾಣಲ್ಲ, ಅಲ್ವಾ? ಅವರು ಸುಮ್ಮನಿದ್ದರೆ ಅದು ನಿಮ್ಮ ಬುದ್ಧಿಗೆ ಕೊಟ್ಟ ಮಾರ್ಕ್ಸ್ ಅಂದುಕೊಳ್ಳಬೇಡಿ" ಎಂದೆ.

ಮನೆಗೆಲಸವನ್ನೂ ಕೊಟ್ಟೆ. ಕೋಡ್ 200 ಸಾಲಿದ್ದರೂ, ತೊಂದರೆ ಕಾಣಿಸುವಷ್ಟು ಸಾಲು ಮಾತ್ರ ಉಳಿಸಿ. ಫೋಟೋ ಬೇಡ, ಟೈಪ್ ಮಾಡಿದ್ದನ್ನೇ ಹಾಕಿ; ಬೇರೆಯವರು ಓಡಿಸಿ ನೋಡಬಹುದು. ಏನು ಬರಬೇಕಿತ್ತು, ಏನು ಬಂತು, ಏನೇನು ಮಾಡಿ ನೋಡಿದಿರಿ ಅಂತ ಬರೆಯಿರಿ. ಎರರ್ ಬಂದರೆ ಒಂದಕ್ಷರವನ್ನೂ ಬಿಡಬೇಡಿ. ಪಾಸ್‌ವರ್ಡ್ ಇದ್ದರೆ ಅಳಿಸಿ. 'ಅರ್ಜೆಂಟ್' ಅನ್ನೋದು ಬೇಡ, ಅವರೆಲ್ಲ ತಮ್ಮ ಬಿಡುವಿನ ಹೊತ್ತು ಕೊಡುವವರು.

ಮುಂದಿನ ವಾರ ಪ್ರಶ್ನೆ ಬರೆದುಕೊಂಡು ಬಂದರು. ಕಳಿಸಿರಲಿಲ್ಲ! ಕೋಡನ್ನು ನಾಲ್ಕು ಸಾಲಿಗೆ ಇಳಿಸುವಾಗಲೇ ಕಾರಣ ಸಿಕ್ಕಿತ್ತು. ಫೈಲ್ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿತ್ತು, ಅಂದರೆ ಅಕ್ಷರಗಳನ್ನು ಬೈಟ್ ಎಂಬ ಸಣ್ಣ ತುಣುಕುಗಳಾಗಿ ಕಂಪ್ಯೂಟರಿನಲ್ಲಿ ಉಳಿಸುವ ಒಂದು ರೀತಿಯಲ್ಲಿ. ಅದರಲ್ಲಿ ಇಂಗ್ಲಿಷಿನಲ್ಲಿಲ್ಲದ ಒಂದು ಅಕ್ಷರ 2ರಿಂದ 4 ಬೈಟ್ ಹಿಡಿಯುತ್ತದೆ. ಪೈಥಾನ್ ಅದನ್ನು ವಿಂಡೋಸಿನ ಹಳೆಯ ಎನ್‌ಕೋಡಿಂಗ್‌ನಲ್ಲಿ ಓದಿ, ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ತೋರಿಸುತ್ತಿತ್ತು. ಫೈಲ್ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಹೆಸರು ಸೇರಿಸಿದ ಕೂಡಲೇ ಸರಿಹೋಯಿತು.

"ಹಳೆಯ ಪ್ರಶ್ನೆ ಅಳಿಸಿಬಿಡಲಾ?" ಎಂದು ಕೇಳಿದರು. ಬೇಡ, ಕೆಳಗೆ ಪರಿಹಾರ ಬರೆಯಿರಿ, ಇದೇ ತೊಂದರೆ ಆದವರು ಹುಡುಕಿಕೊಂಡು ಬರುತ್ತಾರೆ ಎಂದೆ. ನನ್ನ ಎದುರೇ ಎರಡು ಸಾಲು ಬರೆದರು. ಒಂದು ಕ್ಷಣ ತಡೆದು, ಪೈಥಾನ್ ಯಾವ ವರ್ಷನ್ ಅನ್ನುವುದನ್ನೂ ಸೇರಿಸಿದರು.